ಮಲಗಿದ ಬೆಕ್ಕು

ಶಿಷ್ಯ: ಹದಿನೈದು ದಿನಗಳ ಕೆಲಸವನ್ನು ತಮ್ಮ ಮುಂದೆ ಇಡಲು ಬಂದಿದ್ದೇನೆ, ಮೇಷ್ಟ್ರೇ. ನಮ್ಮ ಮನೆಯ ಪಟ್ಟೆಬೆಕ್ಕು ಮಲಗಿರುವ ಚಿತ್ರವಿದು. ಮೈಮೇಲಿನ ಪಟ್ಟೆಗಳಲ್ಲಿ ಒಂದನ್ನೂ ಬಿಡದೆ ಎಣಿಸಿ ಬರೆದೆ. ರೋಮಗಳನ್ನು ಚೂಪುಮಾಡಿದ ಪೆನ್ಸಿಲಿನಿಂದ ಎಳೆಯೆಳೆಯಾಗಿ ಬಿಡಿಸಿದೆ. ಮೀಸೆಯ ಕೂದಲು ಎಡಕ್ಕೆ ಹನ್ನೆರಡು, ಬಲಕ್ಕೆ ಹನ್ನೆರಡು, ಲೆಕ್ಕ ತಪ್ಪಿಲ್ಲ. ಆದರೂ ಮನೆಯಲ್ಲಿ ಇದನ್ನು ಗೋಡೆಗೆ ತಗುಲಿಸಿದಾಗ ನನ್ನ ತಂಗಿ ಹತ್ತಿರ ಬಂದು ನೋಡಿ, “ಅಯ್ಯೋ, ಇದಕ್ಕೆ ಏನಾಯಿತು?” ಎಂದು ಕೇಳಿಬಿಟ್ಟಳು. ಆ ಮಾತು ಕೇಳಿದಂದಿನಿಂದ ನನಗೆ ಪೆನ್ಸಿಲು ಮುಟ್ಟಲು ಮನಸ್ಸಾಗುತ್ತಿಲ್ಲ.

ಮೇಷ್ಟ್ರು: ಅದನ್ನು ಬೆಳಕಿನ ಕಡೆ ಹಿಡಿ, ನೋಡೋಣ. ಶ್ರಮ ಕಾಣುತ್ತದೆ, ಮಗು. ಇಷ್ಟು ರೋಮಗಳನ್ನು ಬರೆದ ಕೈ ಸೋಮಾರಿಯ ಕೈಯಲ್ಲ. ಆದರೆ ನಿನ್ನ ತಂಗಿಯ ಮಾತನ್ನು ಹಗುರವಾಗಿ ಎಣಿಸಬೇಡ. ಯಾವ ಪರೀಕ್ಷೆಯನ್ನು ನಮ್ಮ ಪೂರ್ವಿಕರು ಚಿತ್ರಕಾರನ ಮುಂದೆ ಒಡ್ಡಿದ್ದರೋ ಅದೇ ಪರೀಕ್ಷೆಯನ್ನು ಆ ಹುಡುಗಿ ತಾನರಿಯದೆಯೇ ನಿನ್ನ ಮುಂದೆ ಒಡ್ಡಿದ್ದಾಳೆ. ವಿಷ್ಣುಧರ್ಮೋತ್ತರ ಪುರಾಣದ ಮೂರನೆಯ ಖಂಡದಲ್ಲಿ ಮಾರ್ಕಂಡೇಯ ಮುನಿಯು ವಜ್ರರಾಜನಿಗೆ ಚಿತ್ರವಿದ್ಯೆಯನ್ನು ಉಪದೇಶಿಸುವ ಭಾಗವೊಂದುಂಟು. ಚಿತ್ರಸೂತ್ರವೆಂದು ಅದರ ಹೆಸರು. ಮಲಗಿದ್ದವನಿಗೂ ಸತ್ತವನಿಗೂ ಇರುವ ಅಂತರವನ್ನು ರೇಖೆಯಲ್ಲಿ ತೋರಿಸಬಲ್ಲವನೇ ಚಿತ್ರವನ್ನು ಬಲ್ಲವನೆಂದು ಅಲ್ಲಿ ನಿರ್ಣಯಿಸಿದೆ. ಇಬ್ಬರೂ ಕಣ್ಣು ಮುಚ್ಚಿರುತ್ತಾರೆ, ಇಬ್ಬರೂ ನಿಶ್ಚಲರು, ಇಬ್ಬರ ಅವಯವಗಳ ಲೆಕ್ಕವೂ ಒಂದೇ. ಆದರೂ ಒಬ್ಬನಲ್ಲಿ ಚೈತನ್ಯವಿದೆ, ಇನ್ನೊಬ್ಬನಲ್ಲಿ ಇಲ್ಲ. ನಿನ್ನ ಚಿತ್ರದಲ್ಲಿ ರೋಮಗಳ ಲೆಕ್ಕ ಸರಿಯಾಗಿದೆ. ಆದರೆ ಆ ಲೆಕ್ಕವು ಸತ್ತ ಬೆಕ್ಕಿಗೂ ಸರಿಹೋಗುತ್ತದೆ.

ಶಿಷ್ಯ: ಹಾಗಾದರೆ ಚೈತನ್ಯವನ್ನು ಬರೆಯುವುದು ಹೇಗೆ? ಅದೇನು ಕಣ್ಣಿಗೆ ಕಾಣುವ ವಸ್ತುವೆ?

ಮೇಷ್ಟ್ರು: ಕಾಣುತ್ತದೆ, ಅಪ್ಪಾ. ಕಾಣುವುದನ್ನಲ್ಲದೆ ಬೇರೇನನ್ನೂ ಬರೆಯೆಂದು ನಾನು ಹೇಳಲಾರೆ. ಇಲ್ಲಿ ಜಗಲಿಯ ಮೂಲೆಗೆ ಬಾ; ಮಡಿಸಿಟ್ಟ ಗೋಣಿಚೀಲದ ಮೇಲೆ ನಮ್ಮ ಬೆಕ್ಕು ಊಟ ಮುಗಿಸಿ ಮಲಗಿದೆ. ನಿನ್ನ ಚಿತ್ರವನ್ನು ಅದರ ಪಕ್ಕದಲ್ಲಿಡು. ಈಗ ರೋಮವನ್ನು ಮರೆತು, ಮೀಸೆಯನ್ನು ಮರೆತು, ಬೆಕ್ಕೆಂಬ ಹೆಸರನ್ನೂ ಮರೆತು, ಮೈಯು ಚೀಲಕ್ಕೆ ತಾಗಿರುವ ಎಡೆಯೊಂದನ್ನೇ ನೋಡು. ಏನು ಕಾಣುತ್ತದೆ?

ಶಿಷ್ಯ: ಹೊಟ್ಟೆ ಅಲ್ಲಿ ಚಪ್ಪಟೆಯಾಗಿದೆ. ಚೀಲವೂ ಸ್ವಲ್ಪ ತಗ್ಗಿದೆ. ಅವೆರಡರ ನಡುವೆ ಒಂದು ಕಡುಗಪ್ಪು ಗೆರೆ.

ಮೇಷ್ಟ್ರು: ನಿನ್ನ ಚಿತ್ರದಲ್ಲಿಯೋ, ಹೊಟ್ಟೆ ದುಂಡಗೆ ಉಳಿದಿದೆ, ಬೆಕ್ಕು ನೆಲದ ಮೇಲೆ ಮಲಗಿಲ್ಲ, ನೆಲದಿಂದ ಒಂದಂಗುಲ ಮೇಲೆ ತೇಲುತ್ತಿದೆ. ಜೀವವುಳ್ಳ ಮೈಯು ನಿದ್ರೆಯಲ್ಲಿ ತನ್ನ ಭಾರವನ್ನೆಲ್ಲ ನೆಲಕ್ಕೆ ಒಪ್ಪಿಸಿರುತ್ತದೆ. ರಾಗಿ ತುಂಬಿದ ಚೀಲವನ್ನು ಇಳಿಸಿದಾಗ ಅದು ಕೆಳಗೆ ಹರಡಿ ಮೇಲೆ ದುಂಡಗಾಗುವಂತೆ ಇದೂ ಹರಡುತ್ತದೆ. ಆದರೆ ಒಂದು ಭೇದವುಂಟು. ಪಕ್ಕೆಯ ಕಡೆ ದೃಷ್ಟಿಯಿಟ್ಟು ಹತ್ತು ಎಣಿಸು. ಏರುತ್ತದೆ, ಇಳಿಯುತ್ತದೆ. ಉಸಿರು ಒಳಗೆ ತುಂಬಿದ ಗಳಿಗೆಯಲ್ಲಿ ಕಡೆಯ ಪಕ್ಕೆಲುಬಿನ ಹಿಂದೆ ಇರುವ ತಗ್ಗು ಮುಚ್ಚಿಹೋಗುತ್ತದೆ, ಬಿಟ್ಟ ಗಳಿಗೆಯಲ್ಲಿ ಮತ್ತೆ ತೋರುತ್ತದೆ. ನೀನು ಎರಡು ಗಳಿಗೆಗಳನ್ನೂ ಒಂದೇ ಗೆರೆಯಲ್ಲಿ ಬೆರಸಿ ಯಾವುದೂ ಅಲ್ಲದ ಒಂದು ಸರಾಸರಿಯನ್ನು ಬರೆದಿದ್ದೀಯೆ. ಒಂದನ್ನು ಆರಿಸಿಕೊ. ಉಸಿರು ತುಂಬಿದ ಬೆಕ್ಕನ್ನು ಬರೆ, ಇಲ್ಲವೆ ಉಸಿರು ಬಿಟ್ಟ ಬೆಕ್ಕನ್ನು ಬರೆ.

ಶಿಷ್ಯ: ಹದಿನೈದು ದಿನ ಇದರ ಮುಂದೆಯೇ ಕುಳಿತಿದ್ದರೂ ಇದು ನನ್ನ ಕಣ್ಣಿಗೆ ಬೀಳದೆ ಹೋಯಿತಲ್ಲ!

ಮೇಷ್ಟ್ರು: ನೀನು ಕುಳಿತದ್ದು ಬೆಕ್ಕಿನ ಮುಂದೆ, ಆದರೆ ಬರೆದದ್ದು ನಿನಗೆ ಮೊದಲೇ ಗೊತ್ತಿದ್ದ ಬೆಕ್ಕನ್ನು. ಒಂದು ದುಂಡು ತಲೆ, ಎರಡು ತ್ರಿಕೋಣದ ಕಿವಿ, ಪಟ್ಟೆ, ಬಾಲ, ಮೀಸೆ ಎಂದು ಬಾಲ್ಯದಲ್ಲಿ ಸ್ಲೇಟಿನ ಮೇಲೆ ಕಲಿತ ಬೆಕ್ಕೊಂದು ನಮ್ಮೆಲ್ಲರ ಮನಸ್ಸಿನಲ್ಲಿ ಕಾಲು ಚಾಚಿ ಕುಳಿತಿರುತ್ತದೆ. ಎದುರಿಗಿರುವ ಬೆಕ್ಕನ್ನು ನೋಡಹೋದಾಗಲೆಲ್ಲ ಅದು ಅಡ್ಡಬಂದು, ನನ್ನನ್ನು ಬರೆದರೆ ಸಾಕೆನ್ನುತ್ತದೆ. ಯಥಾರ್ಥವಾಗಿ ಚಿತ್ರಿಸುವ ವಿದ್ಯೆಯೆಂದರೆ ಈ ಒಳಗಿನ ಬೆಕ್ಕನ್ನು ಮೆಲ್ಲಮೆಲ್ಲನೆ ಹೊರಗೆ ಕಳುಹಿಸುವುದೇ. ಎಲ್ಲಿ ನಿನಗೆ ಚೆನ್ನಾಗಿ ಗೊತ್ತಿದೆಯೆಂಬ ಭರವಸೆಯಿದೆಯೋ ಅಲ್ಲಿಯೇ ಹೆಚ್ಚು ಎಚ್ಚರದಿಂದ ನೋಡು. ಉದಾಹರಣೆಗೆ, ಹಿಂಗಾಲು ಬರೆದಿದ್ದೀಯಲ್ಲ, ಅದರ ಮಂಡಿ ಎಲ್ಲಿದೆ, ತೋರಿಸು.

ಶಿಷ್ಯ: ಇದೋ, ಇಲ್ಲಿ. ಹಿಂದಕ್ಕೆ ಮಡಿಸಿಕೊಂಡಿರುವ ಈ ಮೂಲೆ.

ಮೇಷ್ಟ್ರು: ಅದು ಮಂಡಿಯಲ್ಲ, ಹಿಮ್ಮಡಿ. ಎದ್ದುನಿಂತು ನಿನ್ನ ಹಿಮ್ಮಡಿಗಳನ್ನು ನೆಲದಿಂದ ಎತ್ತಿ ತುದಿಬೆರಳುಗಳ ಮೇಲೆ ನಿಲ್ಲು. ಮಂಡಿಯನ್ನು ತುಸು ಮುಂದಕ್ಕೆ ಬಾಗಿಸು. ಈಗ ನಿನ್ನ ಕಾಲೇ ಬೆಕ್ಕಿನ ಹಿಂಗಾಲಾಯಿತು. ಬೆಕ್ಕು ಬೆರಳುಗಳ ಮೇಲೆಯೇ ನಡೆಯುವ ಪ್ರಾಣಿ. ಅದರ ನಿಜವಾದ ಮಂಡಿ ಮುಂದಕ್ಕೇ ಮುಖಮಾಡಿ, ಹೊಟ್ಟೆಯ ಬಳಿ ಸಡಿಲವಾದ ಚರ್ಮದ ಮಡಿಕೆಯಲ್ಲಿ ಅಡಗಿರುತ್ತದೆ. ಆದುದರಿಂದಲೇ ಅದನ್ನು ಕಾಣದವರು ಹಿಮ್ಮಡಿಯನ್ನು ಮಂಡಿಯೆಂದು ಭ್ರಮಿಸಿ, ಕಾಲಿನ ಒಂದು ಖಂಡವನ್ನೇ ಬಿಟ್ಟು ಬರೆಯುತ್ತಾರೆ. ಹಾಗೆ ಬಿಟ್ಟ ಕಾಲು ನೆಗೆಯಲಾರದು. ಇನ್ನು ಮುಂಗಾಲಿಗೆ ಬಾ. ಮೆಲ್ಲಗೆ ಅಂಗೈಯನ್ನು ಅದರ ಹೆಗಲ ಮೇಲಿಡು; ಹೆದರಬೇಡ, ಅದು ನನ್ನ ಮನೆಗೆ ಬರುವವರನ್ನೆಲ್ಲ ಬಲ್ಲದು. ಒಳಗೆ ಹಲಗೆಯಂಥ ಮೂಳೆ ಸಿಕ್ಕಿತೆ?

ಶಿಷ್ಯ: ಸಿಕ್ಕಿತು. ಕೈಗೆ ತಾಗಿದೊಡನೆ ಅತ್ತಿತ್ತ ಸರಿಯುತ್ತಿದೆ. ಎಲ್ಲಿಗೂ ಅಂಟಿಲ್ಲವೆಂಬಂತಿದೆ.

ಮೇಷ್ಟ್ರು: ಸರಿಯಾಗಿ ಹೇಳಿದೆ. ನಿನ್ನ ಕೊರಳಿನ ಕೆಳಗಿನಿಂದ ಭುಜದವರೆಗೆ ಬೆರಳಾಡಿಸಿದರೆ ಒಂದು ಉದ್ದವಾದ ಮೂಳೆ ಸಿಕ್ಕುತ್ತದೆ. ಅದು ನಮ್ಮ ತೋಳನ್ನು ಎದೆಗೂಡಿಗೆ ಬಿಗಿದಿಟ್ಟಿದೆ. ಬೆಕ್ಕಿನಲ್ಲಿ ಆ ಮೂಳೆ ಕಡ್ಡಿಯಷ್ಟು ಸಣ್ಣದಾಗಿ, ಬೇರೆ ಯಾವ ಮೂಳೆಗೂ ಕೂಡಿಕೊಳ್ಳದೆ ಸ್ನಾಯುವಿನ ನಡುವೆ ಹುದುಗಿರುತ್ತದೆ. ಎದೆಗೂಡು ಎರಡು ಹೆಗಲುಗಳ ನಡುವೆ ತೊಟ್ಟಿಲಿನಂತೆ ತೂಗುತ್ತಿರುವುದರಿಂದಲೇ ಬೆಕ್ಕು ಹೊಂಚುಹಾಕಿ ನಡೆಯುವಾಗ ಒಂದಾದಮೇಲೊಂದರಂತೆ ಹೆಗಲುಗಳು ಬೆನ್ನಿಗಿಂತ ಮೇಲೆದ್ದು ಇಳಿಯುವುದು. ಇಕ್ಕಟ್ಟಾದ ಸಂದಿಯಲ್ಲಿ ಅದು ನುಸುಳಿಹೋಗುವುದು. ಇನ್ನು ಬೆನ್ನು. ಮನುಷ್ಯನಿಗೆ ೧೨ ಜೊತೆ ಪಕ್ಕೆಲುಬುಗಳಾದರೆ ಬೆಕ್ಕಿಗೆ ೧೩. ಸೊಂಟದ ಮೇಲ್ಭಾಗದಲ್ಲಿ ನಮಗೆ ೫ ಬೆನ್ನುಮಣಿಗಳಿದ್ದರೆ ಅದಕ್ಕೆ ೭. ಆ ಹೆಚ್ಚಿನ ಮಣಿಗಳ ಬಳುಕು ಈಗ ನಿನ್ನೆದುರಿಗೇ ಇದೆ: ಮೂಗು ಬಾಲದ ಬುಡಕ್ಕೆ ತಾಗುವಂತೆ ಚಕ್ಕುಲಿಯಾಗಿ ಸುತ್ತಿಕೊಂಡು ನಿಶ್ಚಿಂತೆಯಿಂದ ಮಲಗಿದೆ. ಆದುದರಿಂದ ಮೊದಲು ಬೆನ್ನಿನ ಒಂದೇ ಗೆರೆಯನ್ನು, ಕತ್ತಿನಿಂದ ಬಾಲದ ತುದಿಯವರೆಗೆ, ಕೈಯೆತ್ತದೆ ಎಳೆ. ಬಳಿಕ ಆ ಗೆರೆಗೆ ಮೂರು ಮೊಟ್ಟೆಗಳನ್ನು ಪೋಣಿಸು. ಚಿಕ್ಕದು ತಲೆಬುರುಡೆ, ದೊಡ್ಡದು ಎದೆಗೂಡು, ನಡುವಣದು ಸೊಂಟ. ಇಷ್ಟರಲ್ಲಿ ಬೆಕ್ಕು ಕಾಣದಿದ್ದರೆ, ಸಾವಿರ ರೋಮಗಳನ್ನು ಬರೆದರೂ ಕಾಣುವುದಿಲ್ಲ.

ಶಿಷ್ಯ: ರೋಮವನ್ನು ಬಿಟ್ಟರೆ ಬೆಕ್ಕು ಬೆಕ್ಕೆನಿಸುವುದೆ? ಅದನ್ನು ಮುಟ್ಟಿದಾಗ ಕೈಗೆ ಮೊದಲು ಸಿಕ್ಕುವುದೇ ಆ ಮೃದುತ್ವ.

ಮೇಷ್ಟ್ರು: ಬಿಡೆಂದು ಹೇಳಲಿಲ್ಲ, ಕೊನೆಗೆ ಬರೆ ಎಂದೆ. ಅದನ್ನೂ ಒಂದೊಂದೇ ಎಳೆಯಾಗಿ ಅಲ್ಲ, ಹರಿಯುವ ದಿಕ್ಕಾಗಿ. ರೋಮದ ಹರಿವು ಮೂಗಿನ ತುದಿಯಲ್ಲಿ ಹುಟ್ಟುತ್ತದೆ. ಅಲ್ಲಿ ಅದು ಮಖಮಲ್ಲಿಗಿಂತ ಗಿಡ್ಡ. ಹಣೆಯ ಮೇಲೆ ಏರಿ, ಕಣ್ಣುಗಳನ್ನು ಬಳಸಿ, ಕೆನ್ನೆಗಳಲ್ಲಿ ಉದ್ದವಾಗಿ ಹಿಂದಕ್ಕೆ ಬೀಸಿ, ಬೆನ್ನುದ್ದಕ್ಕೂ ನೀರಿನಂತೆ ಹರಿದು, ಹೊಟ್ಟೆಯಲ್ಲಿ ಮತ್ತೆ ನೀಳವಾಗಿ ಮೆತ್ತಗಾಗುತ್ತದೆ. ಮೈ ಬಾಗಿದ ಕಡೆ ಈ ಹರಿವು ಒಡೆದು ಒಳಗಿನ ನೆರಳು ಇಣಿಕುತ್ತದೆ. ಕತ್ತಿನ ತಿರುವಿನಲ್ಲಿ ನೋಡು, ತೊಡೆಯ ಮಡಿಕೆಯಲ್ಲಿ ನೋಡು. ಅಲ್ಲಿ ನಾಲ್ಕಾರು ಎಳೆಗಳನ್ನು ದಿಟವಾಗಿ ಬರೆದರೆ ಉಳಿದ ಮೈಯ ರೋಮವನ್ನು ನೋಡುವವರ ಕಣ್ಣು ತಾನೇ ತುಂಬಿಕೊಳ್ಳುತ್ತದೆ. ಪಟ್ಟೆಗಳ ವಿಷಯವೂ ಹೀಗೆಯೇ. ನೀನು ಅವನ್ನು ಹಾಸಿದ ಜಮಖಾನದ ಪಟ್ಟೆಗಳಂತೆ ಒಂದೇ ಅಂತರದಲ್ಲಿ ಎಳೆದಿದ್ದೀಯೆ. ಎದುರಿಗೆ ನೋಡು: ಸುತ್ತಿಕೊಂಡ ಬೆನ್ನಿನ ಹೊರಮಗ್ಗುಲಲ್ಲಿ ಅವು ಅಗಲವಾಗಿ ಬಿಚ್ಚಿಕೊಂಡಿವೆ, ಒಳಮಗ್ಗುಲಿಗೆ ಬಂದಂತೆ ಒತ್ತೊತ್ತಾಗಿ ಸೇರಿವೆ, ಪ್ರತಿಯೊಂದೂ ಪಕ್ಕೆಯ ದುಂಡನ್ನು ಹತ್ತಿ ಆಚೆಗೆ ಇಳಿದು ಮರೆಯಾಗುತ್ತದೆ. ಚಿತ್ರಸೂತ್ರವು ತಗ್ಗು-ಉಬ್ಬುಗಳನ್ನು ಬಿಡಿಸಿ ತೋರಿಸುವುದನ್ನೂ ಚಿತ್ರಕಾರನ ಲಕ್ಷಣವೆಂದೇ ಹೇಳಿದೆ. ಪಟ್ಟೆಬೆಕ್ಕಿನ ಮೈಮೇಲೆ ಆ ತಗ್ಗು-ಉಬ್ಬುಗಳ ನಕ್ಷೆಯನ್ನು ಪ್ರಕೃತಿಯೇ ಬರೆದಿಟ್ಟಿದೆ; ಎಣಿಸುವುದಕ್ಕಲ್ಲ, ಓದುವುದಕ್ಕೆ.

ಶಿಷ್ಯ: ಮೀಸೆಯ ವಿಷಯದಲ್ಲಿಯಂತೂ ನಾನು ಸೋತಿದ್ದೇನೆ. ಬಿಳಿಯ ಕೂದಲನ್ನು ಕರಿಯ ಪೆನ್ಸಿಲಿನಿಂದ ಬರೆದರೆ ತಂತಿಯಂತೆ ಕಾಣುತ್ತದೆ.

ಮೇಷ್ಟ್ರು: ಬಿಳಿಯದನ್ನು ಪೆನ್ಸಿಲಿನಿಂದ ಬರೆಯಬಾರದು, ಉಳಿಸಿಕೊಳ್ಳಬೇಕು. ನೆರಳು ತುಂಬುವುದಕ್ಕೆ ಮುಂಚೆಯೇ ಮೊಂಡಾದ ಹೆಣಿಗೆಯ ಕಡ್ಡಿಯಿಂದ ಕಾಗದದ ಮೇಲೆ ಮೀಸೆಯ ಗೆರೆಯನ್ನು ಒಂದೇ ಬೀಸಿನಲ್ಲಿ ಒತ್ತಿ ಎಳೆ. ಕಾಗದ ಹರಿಯದಿರಲಿ, ಗೀರು ಮಾತ್ರ ಬೀಳಲಿ. ಆಮೇಲೆ ಅದರ ಮೇಲೆ 2ಬಿ ಪೆನ್ಸಿಲನ್ನು ಓರೆಯಾಗಿ ಹಿಡಿದು ನೆರಳು ಹಾಕಿದರೆ ಆ ಗೀರಿನೊಳಕ್ಕೆ ಸೀಸ ಇಳಿಯದೆ ಬಿಳಿಯ ಎಳೆ ಹಾಗೆಯೇ ನಿಲ್ಲುತ್ತದೆ. ಮೀಸೆಗಳು ಮೂತಿಯ ಮೇಲೆ ಸಾಲುಸಾಲಾಗಿ ಹುಟ್ಟುತ್ತವೆಂಬುದನ್ನೂ, ಬುಡದಲ್ಲಿ ದಪ್ಪವಾಗಿ ತುದಿಯಲ್ಲಿ ಇಲ್ಲವಾಗುತ್ತವೆಂಬುದನ್ನೂ ಮರೆಯಬೇಡ. ಕಣ್ಣು ತೆರೆದ ಬೆಕ್ಕನ್ನು ಬರೆಯುವ ದಿನ ಬಂದಾಗ ಇನ್ನೊಂದು ಮಾತು ನೆನಪಿಡು: ಪಕ್ಕದಿಂದ ನೋಡಿದರೆ ಕಣ್ಣಿನ ಮುಂಭಾಗದಲ್ಲಿ ಗಾಜಿನ ಗುಮ್ಮಟದಂಥ ಒಂದು ತಿಳಿಯಾದ ಉಬ್ಬಿದೆ, ಬಣ್ಣವೂ ಪಾಪೆಯೂ ಅದರ ಹಿಂದೆ ಆಳದಲ್ಲಿವೆ. ಮೇಲುರೆಪ್ಪೆಯ ನೆರಳು ಆ ಬಣ್ಣದ ಮೇಲೆ ಬೀಳುತ್ತದೆ. ಬಿಸಿಲಿನಲ್ಲಿ ಪಾಪೆಯು ಭತ್ತದ ಸಿಪ್ಪೆಯಂತೆ ಸಣ್ಣಗೆ ನೆಟ್ಟಗಾಗುತ್ತದೆ, ಮುಸ್ಸಂಜೆಯಲ್ಲಿ ಗೋಲಿಯಂತೆ ದುಂಡಗಾಗುತ್ತದೆ. ಹೀಗಾಗಿ ಚಿತ್ರದ ಬೆಳಕು ಯಾವ ಹೊತ್ತಿನದೆಂಬುದನ್ನು ಬೆಕ್ಕಿನ ಕಣ್ಣು ಹೇಳಿಬಿಡುತ್ತದೆ.

ಶಿಷ್ಯ: ಅಯ್ಯೋ, ಎದ್ದೇಬಿಟ್ಟಿತು! ಮುಂಗಾಲು ಚಾಚಿ ಮೈಮುರಿಯುತ್ತಿದೆ. ಬೆನ್ನಿನ ಗೆರೆಯೊಂದನ್ನು ಎಳೆದಿದ್ದೆ, ಅಷ್ಟೆ. ಇನ್ನು ಇದನ್ನು ಮುಗಿಸುವ ಬಗೆಯೆಂತು?

ಮೇಷ್ಟ್ರು: ಮುಗಿಸಬೇಡ. ಅದೇ ಕಾಗದದ ಪಕ್ಕದಲ್ಲಿ ಇನ್ನೊಂದನ್ನು ಆರಂಭಿಸು. ಮತ್ತೆ ಅಲುಗಿದರೆ ಮೂರನೆಯದನ್ನು. ಮೊದಲಿನ ಭಂಗಿಗೆ ಅದು ಮರಳಿದರೆ ನೀನೂ ಮೊದಲಿನ ಚಿತ್ರಕ್ಕೆ ಮರಳು. ಇಟಲಿಯ ಲಿಯೊನಾರ್ಡೊ ಡ ವಿಂಚಿ ತನ್ನ ಅರವತ್ತೈದರ ಪ್ರಾಯದಲ್ಲಿ, ಅಂದರೆ ಸುಮಾರು ೧೫೧೭-೧೮ರಲ್ಲಿ, ಬರೆದ ಒಂದು ಹಾಳೆ ಇಂಗ್ಲೆಂಡಿನ ವಿಂಡ್ಸರ್ ಅರಮನೆಯ ಸಂಗ್ರಹದಲ್ಲಿದೆ. ಆ ಒಂದೇ ಹಾಳೆಯ ತುಂಬ ಬೆಕ್ಕುಗಳು: ಮಲಗಿದವು, ಮೈ ನೆಕ್ಕಿಕೊಳ್ಳುವವು, ಹೊಂಚುಹಾಕುವವು, ಜಗಳವಾಡುವವು, ನಡುವೆ ಸಿಂಹಗಳೂ ಇವೆ, ಒಂದು ಕಡೆ ಬೆಕ್ಕಿನ ಬಳುಕೇ ಬೆಳೆದು ಡ್ರ್ಯಾಗನ್ ಆಗಿಬಿಟ್ಟಿದೆ. ಬೆನ್ನೆಲುಬಿನ ಬಾಗುವಿಕೆಯನ್ನು ಕುರಿತು ಅದರಲ್ಲಿ ಆತ ಟಿಪ್ಪಣಿಯನ್ನೂ ಬರೆದುಕೊಂಡಿದ್ದಾನೆ. ಜಗತ್ತೇ ಕೊಂಡಾಡುತ್ತಿದ್ದ ಮುದುಕನು, ಇನ್ನೆರಡು ವರ್ಷಗಳಲ್ಲಿ ತೀರಿಕೊಳ್ಳಲಿದ್ದವನು, ಶಾಲೆಯ ಹುಡುಗನಂತೆ ಬೆಕ್ಕಿನ ಬೆನ್ನಿನ ಮುಂದೆ ಕುಳಿತಿದ್ದನೆಂಬುದನ್ನು ನೆನೆದಾಗಲೆಲ್ಲ ನನಗೆ ಧೈರ್ಯ ಬರುತ್ತದೆ.

ಶಿಷ್ಯ: ನಡೆಯುವ ಬೆಕ್ಕಿನ ಕಾಲುಗಳಂತೂ ಕಣ್ಣಿಗೆ ಸಿಕ್ಕುವುದೇ ಇಲ್ಲ. ಈ ಕಷ್ಟಕ್ಕೆ ಛಾಯಾಚಿತ್ರವನ್ನು ಆಶ್ರಯಿಸಿದರೆ ತಪ್ಪಾಗುವುದೆ?

ಮೇಷ್ಟ್ರು: ಏಕೆ ತಪ್ಪು? ಕಣ್ಣು ಹಿಡಿಯಲಾರದ್ದನ್ನು ಯಂತ್ರ ಹಿಡಿದುಕೊಟ್ಟರೆ ಕೃತಜ್ಞತೆಯಿಂದ ಸ್ವೀಕರಿಸಬೇಕು. ಮೈಬ್ರಿಜ್ ಎಂಬಾತನು ೧೮೮೭ರಲ್ಲಿ ಪ್ರಾಣಿಗಳ ಚಲನೆಯನ್ನು ಕುರಿತು ೭೮೧ ಫಲಕಗಳನ್ನು ಪ್ರಕಟಿಸಿದನು. ಅವುಗಳಲ್ಲಿ ಬೆಕ್ಕೂ ಇದೆ. ೧೮೯೪ರಲ್ಲಿ ಫ್ರಾನ್ಸಿನ ಮಾರೆ ಎಂಬ ವಿಜ್ಞಾನಿಯು ಬೆನ್ನು ಕೆಳಗಾಗಿ ಬಿಟ್ಟ ಬೆಕ್ಕು ಗಾಳಿಯಲ್ಲಿಯೇ ಹೊರಳಿ ಕಾಲೂರಿ ಇಳಿಯುವುದನ್ನು ಸಾಲುಚಿತ್ರಗಳಲ್ಲಿ ಹಿಡಿದು ತೋರಿಸಿದನು. ಅಂಥ ಚಿತ್ರಗಳನ್ನು ನೋಡಿದರೆ ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು ಎಂಬ ನಡಿಗೆಯ ಕ್ರಮ ತಿಳಿಯುತ್ತದೆ. ಮುಂಗಾಲು ಬಿಟ್ಟ ಗುರುತಿನಲ್ಲಿಯೇ ಹಿಂಗಾಲು ಬಂದು ಬೀಳುವ ಆ ಮಾರ್ಜಾಲಗತಿಯ ಮರ್ಮ ತಿಳಿಯುತ್ತದೆ. ಆದರೆ ಛಾಯಾಚಿತ್ರವು ಒಂದು ಗಳಿಗೆಯನ್ನು ಬಲ್ಲುದೇ ಹೊರತು ಅದರ ಹಿಂದುಮುಂದನ್ನು ಬಲ್ಲುದಲ್ಲ. ಅದರಿಂದ ತಿಳಿದುಕೊ, ಬಳಿಕ ಮತ್ತೆ ಜಗಲಿಗೆ ಬಂದು ಬೆಕ್ಕಿನಿಂದ ಕಲಿ. ಜಪಾನಿನ ತಾಕೆಉಚಿ ಸೇಯ್ಹೊ ಎಂಬ ಹಿರಿಯ ಚಿತ್ರಕಾರನು ನುಮಾಜು ಎಂಬ ಊರಿನ ತರಕಾರಿ ಅಂಗಡಿಯ ಮುಂದೆ ಒಂದು ಬೆಕ್ಕನ್ನು ಕಂಡು ಮನಸೋತು, ಅದರ ಒಡೆಯನಿಗೆ ತನ್ನದೊಂದು ಚಿತ್ರವನ್ನೇ ಕೊಟ್ಟು ಅದನ್ನು ಪಡೆದು, ಕ್ಯೋಟೋದ ಮನೆಗೆ ಕೊಂಡೊಯ್ದು ಸಾಕಿ, ದಿನವೂ ನೋಡಿನೋಡಿ ೧೯೨೪ರಲ್ಲಿ ಅದರ ಚಿತ್ರ ಬರೆದನು. ತಲೆ ತಿರುಗಿಸಿ ಬೆನ್ನನ್ನು ನೆಕ್ಕಿಕೊಳ್ಳುತ್ತ ಹಸಿರು ಕಣ್ಣಿನಿಂದ ನಮ್ಮನ್ನು ನೋಡುವ ಬೆಕ್ಕದು. ಜೊತೆಯಲ್ಲಿ ಬಾಳಿದವನಿಗಲ್ಲದೆ ಆ ನೋಟ ದಕ್ಕುತ್ತಿರಲಿಲ್ಲ.

ಶಿಷ್ಯ: ಒಂದು ಸಂದೇಹ ಉಳಿದಿದೆ. ಇಂಥ ಯಥಾರ್ಥತೆಯ ಹಂಬಲ ನಮ್ಮದೇ? ಮಹಾಬಲಿಪುರದ ಬಂಡೆಯಲ್ಲಿ ಇಲಿಗಳ ನಡುವೆ ಹಿಂಗಾಲ ಮೇಲೆ ನಿಂತು ತಪಸ್ಸು ಮಾಡುವ ಬೆಕ್ಕಿದೆ. ಕಾಳೀಘಾಟಿನ ಪಟಗಳಲ್ಲಿ ಹಣೆಗೆ ನಾಮವಿಟ್ಟು ಬಾಯಲ್ಲಿ ಸಿಗಡಿ ಕಚ್ಚಿದ ಬೆಕ್ಕಿದೆ. ಅವರಾರೂ ಪಕ್ಕೆಲುಬು ಎಣಿಸಿದಂತೆ ತೋರುವುದಿಲ್ಲ.

ಮೇಷ್ಟ್ರು: ಅವರಿಗೆ ಬೇಕಾದದ್ದು ಕಪಟಸಂನ್ಯಾಸಿಯ ಕಥೆ, ಅದನ್ನು ಹೇಳಲು ಬೆಕ್ಕಿನ ರೂಪವನ್ನು ಎರವಲು ಪಡೆದರು, ಅದರಲ್ಲಿ ಸಿದ್ಧಿಯನ್ನೂ ಪಡೆದರು. ಆದರೆ ಕಾಮಸೂತ್ರಕ್ಕೆ ವ್ಯಾಖ್ಯಾನ ಬರೆದ ಯಶೋಧರನು ಹೇಳುವ ಚಿತ್ರದ ಆರು ಅಂಗಗಳಲ್ಲಿ ಸಾದೃಶ್ಯವೂ ಒಂದೆಂಬುದನ್ನು ಮರೆಯಬೇಡ. ರೂಪಭೇದ, ಪ್ರಮಾಣ, ಭಾವ, ಲಾವಣ್ಯಯೋಜನೆಗಳಾದ ಮೇಲೆ ಅದು ಬರುತ್ತದೆ, ಅದರ ಬಳಿಕ ವರ್ಣಿಕಾಭಂಗ. ಭಾವವನ್ನೂ ಲಾವಣ್ಯವನ್ನೂ ಜೊತೆಗಿಟ್ಟುಕೊಂಡು ಬರುವ ಹೋಲಿಕೆಯೇ ಸಾದೃಶ್ಯವೆಂದು ನಾನು ತಿಳಿದಿದ್ದೇನೆ. ಯಾರಿಗೂ ಉಪಮೆಯಾಗದೆ, ಯಾರ ಕಪಟಕ್ಕೂ ಗುರುತಾಗದೆ, ತನ್ನ ಪಾಡಿಗೆ ತಾನಿರುವ ಒಂದು ಸಣ್ಣ ಜೀವವನ್ನು, ಅದು ಇದ್ದಂತೆಯೇ ಗೌರವಿಸಿ ನೋಡುವುದಿದೆಯಲ್ಲ, ಅದು ಯಾವ ದೇಶಕ್ಕೂ ಪರಕೀಯವಲ್ಲ, ಮಗು.

ಶಿಷ್ಯ: ನೋಡಿ, ಮತ್ತೆ ಚೀಲದ ಮೇಲೆ ಸುತ್ತಿಕೊಂಡಿತು. ಈಗ ಉಸಿರು ಬಿಟ್ಟ ಬೆಕ್ಕನ್ನೇ ಆರಿಸಿಕೊಂಡೆ. ಬೆನ್ನಿನ ಗೆರೆ, ಮೂರು ಮೊಟ್ಟೆ, ಚೀಲದ ಮೇಲೆ ಹರಡಿದ ಹೊಟ್ಟೆ, ಕೆಳಗಿನ ಕಡುನೆರಳು. ರೋಮವನ್ನು ಮುಟ್ಟಿಲ್ಲ. ತಾವು ನೋಡಿ ಹೇಳಬೇಕು.

ಮೇಷ್ಟ್ರು: ಭಾರ ಬಂದಿದೆ. ಹಿಮ್ಮಡಿಯೂ ತನ್ನ ಜಾಗಕ್ಕೆ ಬಂದಿದೆ. ಆದರೆ ಕೇಳಬೇಕಾದ ಪ್ರಶ್ನೆ ನಿನ್ನ ತಂಗಿಯದು. ಅದನ್ನು ನೀನೇ ಕೇಳಿಕೊ. ಉತ್ತರವನ್ನು ನಾನು ಹೇಳಲಾರೆ, ಬೆಕ್ಕು ಹೇಳುತ್ತದೆ. ನೋಡುತ್ತಿರು.

ಶಿಷ್ಯ: ಹೊಟ್ಟೆ ಏರಿತು, ಇಳಿಯಿತು. ಮುಖ ಬಾಲದೊಳಗೆ ಹುದುಗಿದೆ. ಒಳಗೆ ಅಡಿಗೆಮನೆಯಲ್ಲಿ ಯಾರೋ ಹಾಲಿನ ಪಾತ್ರೆ ಸರಿಸಿದರು... ಮೇಷ್ಟ್ರೇ! ಕಣ್ಣು ತೆರೆಯಲಿಲ್ಲ, ಮೈ ಅಲುಗಲಿಲ್ಲ. ಎಡಗಿವಿ ಮಾತ್ರ ಬಾಗಿಲ ಕಡೆಗೆ ತಿರುಗಿ ನಿಂತಿತು. ನಾನು ಎರಡು ಕಿವಿಗಳನ್ನೂ ಒಂದೇ ದಿಕ್ಕಿಗೆ, ಎರಡು ದೊನ್ನೆಗಳನ್ನು ಕವುಚಿಟ್ಟಂತೆ ಬರೆದಿದ್ದೆ.

ಮೇಷ್ಟ್ರು: ರಬ್ಬರು ಅಲ್ಲಿ ಕಿಟಕಿಯ ಮೇಲಿದೆ.

ಶಿಷ್ಯ: ಬುಡದಲ್ಲಿ ಸ್ವಲ್ಪ ಒರಸಿದರೆ ಸಾಕು. ಕಿವಿಯ ಅಂಚು ಹೀಗೆ ಹೊರಕ್ಕೆ... ಒಳಗಿನ ನೆರಳು ಈಗ ಬಾಗಿಲ ಕಡೆ ತೆರೆದುಕೊಂಡಿತು. ಇಷ್ಟೇ ಗೆರೆ. ಮನೆಗೆ ಒಯ್ದು ಗೋಡೆಗೆ ತಗುಲಿಸುತ್ತೇನೆ. ತಂಗಿ ಏನೆನ್ನುವಳೋ ಕೇಳಿ ನಾಳೆ ಬಂದು ತಿಳಿಸುತ್ತೇನೆ.

ಮೇಷ್ಟ್ರು: ನಿಧಾನವಾಗಿ ಏಳು, ಅಪ್ಪಾ. ಬೆಕ್ಕಿಗೆ ಎಚ್ಚರವಾದೀತು.